ಇನ್ನೊಂದು ಹೋಟೆಲಿನ ಹೆಸರು ಹಾಕಿ ಓದಿದಾಗ

ಆ ದಿನ ಬೆಳಿಗ್ಗೆಯೂ ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಮೂಲೆಯ ಚೂರು ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಕತ್ತರಿಸಿ ಪಾತ್ರೆಗೆ ಸುರಿಯುತ್ತಿದ್ದೆ. ಮಗಳು ಒಂದು ಕೈಯಲ್ಲಿ ಸುತ್ತಿದ ದೋಸೆ ಹಿಡಿದು ಇನ್ನೊಂದು ಕೈಯಲ್ಲಿ ಬೂಟಿನ ಲೇಸು ಎಳೆಯುತ್ತಿದ್ದಳು. ಅವಳ ಕಾಲೇಜು ವಿಲೆ ಪಾರ್ಲೆಯಲ್ಲಿ. ಮುಲುಂಡಿನಿಂದ ಲೋಕಲ್ ಹಿಡಿದು, ದಾದರಿನಲ್ಲಿ ಇಳಿದು, ಸೇತುವೆ ಹತ್ತಿ ಇನ್ನೊಂದು ಲೈನಿಗೆ ಹೋಗಬೇಕು. ಇವರು ಎಂದಿನಂತೆ ಬೆಳಕು ಹರಿಯುವ ಮೊದಲೇ ಹೋಟೆಲಿಗೆ ಹೋಗಿಯಾಗಿತ್ತು. ವಾಷಿಂಗ್ ಮಷೀನು ನಡುಗುತ್ತಾ ನಡುಗುತ್ತಾ ಬಾಲ್ಕನಿಯ ಕಡೆಗೆ ಸರಿದಿತ್ತು. ಅದನ್ನು ಸೊಂಟದಿಂದ ತಳ್ಳಿ ಅದರ ಜಾಗಕ್ಕೆ ಕೂರಿಸಿ, ಚಹಾದ ಲೋಟ ಹಿಡಿದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತೆ.

ಹೋಟೆಲು ಇವರದು ಮತ್ತು ಇವರ ಅಣ್ಣನದು, ಅಂದರೆ ನನ್ನ ಭಾವನದು. ಇವರು ಗಲ್ಲಾದಲ್ಲಿ ಕೂರುತ್ತಾರೆ, ಭಾವ ಅಡುಗೆಮನೆ ಮತ್ತು ಖರೀದಿ ನೋಡಿಕೊಳ್ಳುತ್ತಾರೆ. ಕಂಪ್ಯೂಟರಿನ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ಎಂಬ ಒಂದೇ ಕಾರಣಕ್ಕೆ. ಮ್ಯಾಪಿನಲ್ಲಿ ಜನ ಬರೆಯುವ ಅಭಿಪ್ರಾಯಗಳಿಗೆ ಉತ್ತರ ಕೊಡುವುದು, ತಿಂಡಿಯ ಬೆಲೆ ಬದಲಾದರೆ ವೆಬ್‌ಸೈಟಿನಲ್ಲಿ ತಿದ್ದುವುದು, ಹಬ್ಬದ ರಜೆ ಹಾಕುವುದು. ಕುಕ್ಕರಿನ ಎರಡು ಸೀಟಿಗಳ ನಡುವೆ ಮುಗಿಯುವ ಕೆಲಸ. ಅದಕ್ಕಾಗಿ ಎದೆ ಬಡಿದುಕೊಂಡದ್ದು ಆ ಒಂದು ದಿನ ಮಾತ್ರ.

ಚಹಾ ಅರ್ಧ ಕುಡಿದಿದ್ದೆ. ಇವರ ಫೋನು ಬಂತು.

"ನೋಡು, ಆ ಸೊಸೈಟಿಯ ಸೆಕ್ರೆಟರಿ ಫೋನ್ ಮಾಡಿದ್ರು. ಮೀಟಿಂಗು ಇವತ್ತೇ ಸಂಜೆಯಂತೆ. ಮೂರು ಹೋಟೆಲಿನವರಲ್ಲಿ ಜಾಗ ಯಾರಿಗೆ ಅಂತ ಇವತ್ತೇ ತೀರ್ಮಾನ."

"ನೀವು ಮತ್ತೆ ಭಾವ ಹೋಗ್ಬೇಕಾ?"

"ಯಾರೂ ಬರುದು ಬೇಡ ಅಂದ್ರು. ಬಂದವರೆಲ್ಲ ಭಾಷಣ ಮಾಡ್ತಾರಂತೆ. ಮೂರು ಜನರ ವೆಬ್‌ಸೈಟ್ ಗೋಡೆ ಮೇಲೆ ದೊಡ್ಡದು ಮಾಡಿ ಹಾಕಿ, ಎಲ್ಲ ಮೆಂಬರುಗಳು ನೋಡಿ, ಕೈ ಎತ್ತುದು. ನಮ್ದು ಸರಿ ಉಂಟಲ್ವಾ ಅದು?"

"ಉಂಟು ಅಂತ ಕಾಣ್ತದೆ" ಎಂದೆ. ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ.

ಜಾಗದ ವಿಷಯ ಹೇಳಬೇಕು. ಹೋಟೆಲು ಇರುವ ಹಳೆಯ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುತ್ತಾರೆ. ದೀಪಾವಳಿ ಕಳೆದ ಮೇಲೆ ನಾವು ಖಾಲಿ ಮಾಡಬೇಕಿತ್ತು. ಸುತ್ತಮುತ್ತ ಎಲ್ಲಿ ಕೇಳಿದರೂ ಹೋಟೆಲಿಗೆ ಎಂದ ಕೂಡಲೇ ಬೇಡ ಅನ್ನುತ್ತಿದ್ದರು. ಎಣ್ಣೆ, ಜಿರಳೆ, ಗದ್ದಲ ಎಂಬ ಭಯ. ನಮ್ಮ ಮನೆಯಿಂದ ಎರಡು ಗಲ್ಲಿ ಆಚೆಗಿನ ಒಂದು ಸೊಸೈಟಿಯಲ್ಲಿ ಮಾತ್ರ ನೆಲಮಹಡಿಯ ಅಂಗಡಿ ಜಾಗ ಖಾಲಿಯಿತ್ತು. ಗಾಳಾ ಎನ್ನುತ್ತಾರೆ ಇಲ್ಲಿ. ಅಲ್ಲಿನವರು ಹೋಟೆಲಿಗೆ ಕೊಡಲು ಒಪ್ಪಿದ್ದರು. ಅದು ತಪ್ಪಿದರೆ ಠಾಣೆಯಿಂದಾಚೆ ಎಲ್ಲೋ ಹೋಗಬೇಕು. ಭಾವ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು, ಈ ವಯಸ್ಸಿಗೆ ಗುರುತಿಲ್ಲದ ಊರಲ್ಲಿ ಹೊಸದಾಗಿ ಒಲೆ ಹಚ್ಚುವ ತ್ರಾಣ ನನಗಿಲ್ಲ, ಮುಚ್ಚುವುದೇ ಎಂದು. ನಮ್ಮ ಕೆಲಸದವರೆಲ್ಲ ಕುಂದಾಪುರ, ಕಾರ್ಕಳದ ಕಡೆಯವರು. ಹೋಟೆಲಿನ ಅಟ್ಟದ ಮೇಲೇ ಮಲಗುವವರು. ಅವರೂ ದಿಕ್ಕಿಗೊಬ್ಬರಾಗುತ್ತಿದ್ದರು.

ವೆಬ್‌ಸೈಟು ತೆರೆದೆ. ನಾನು ತಂಗಿಯ ಮಗುವಿನ ನಾಮಕರಣಕ್ಕೆ ಊರಿಗೆ ಹೋಗಿದ್ದಾಗ ಭಾವ ಮಲಾಡಿನ ಒಂದು ಏಜೆನ್ಸಿಗೆ ಕೊಟ್ಟು ಪೂರ್ತಿ ಹೊಸದು ಮಾಡಿಸಿದ್ದರು. ಬಣ್ಣ ಚೆನ್ನಾಗಿತ್ತು. ಮೊದಲ ಪುಟದ ತುಂಬ ಒಂದು ದೋಸೆ, ಹಬೆಯಾಡುವ ದೋಸೆ. ಅದರ ಪಕ್ಕದಲ್ಲಿ ಫೋರ್ಕು ಮತ್ತು ಚಾಕು. ನಮ್ಮ ಹೋಟೆಲಿನಲ್ಲಿ ಚಾಕು ಇರುವುದು ತರಕಾರಿ ಹೆಚ್ಚುವಲ್ಲಿ ಮಾತ್ರ. ದೋಸೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿತ್ತು. ಕನ್ನಡದಲ್ಲಿ ಹೇಳುವುದಾದರೆ, 'ಮರೆಯಲಾಗದ ರುಚಿಯ ಪಯಣಕ್ಕೆ ಬನ್ನಿ.' ಕೆಳಗೆ ನಮ್ಮ ಕಥೆ. 'ಅಜ್ಜಿಯ ಗುಟ್ಟಿನ ಪಾಕವಿಧಾನಗಳು, ಪ್ರೀತಿಯಿಂದ ಆರಿಸಿದ ತಾಜಾ ಪದಾರ್ಥಗಳು, ಮೆಲ್ಲನೆ ಹುರಿದ ಬೆಳ್ಳುಳ್ಳಿಯ ಘಮ, ಮಂದ ಬೆಳಕಿನಲ್ಲಿ ತಡರಾತ್ರಿಯ ಭೋಜನ...'

ಬೆಳ್ಳುಳ್ಳಿ ಎಂಬಲ್ಲಿಗೆ ನನ್ನ ಚಹಾ ನಿಂತಿತು.

ಆ ಸೊಸೈಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಜೈನರವು. ಅವರು ಬೆಳ್ಳುಳ್ಳಿ ಮುಟ್ಟುವುದಿಲ್ಲ, ನೆಲದೊಳಗೆ ಬೆಳೆಯುವ ಈರುಳ್ಳಿ ಆಲೂಗಡ್ಡೆಯನ್ನೂ ತಿನ್ನುವುದಿಲ್ಲ. ಅನೇಕರು ಸೂರ್ಯ ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕುವುದಿಲ್ಲ. ಅಂಥವರ ಗೋಡೆಯ ಮೇಲೆ ನಾವು ಹುರಿದ ಬೆಳ್ಳುಳ್ಳಿ ಮತ್ತು ತಡರಾತ್ರಿಯ ಭೋಜನವನ್ನು ಬೆಳಗಿಸಲು ಹೊರಟಿದ್ದೆವು. ನಮ್ಮ ಹೋಟೆಲು ರಾತ್ರಿ ಒಂಬತ್ತೂವರೆಗೇ ಬಾಗಿಲು ಎಳೆಯುತ್ತದೆ ಎಂಬುದು ಬೇರೆ ಮಾತು.

ಉಳಿದಿಬ್ಬರದು ಹೇಗಿದೆ ನೋಡೋಣ ಎಂದು ಅವರ ವೆಬ್‌ಸೈಟುಗಳನ್ನೂ ತೆರೆದೆ. ಒಂದು ಪಂಜಾಬಿ ಮತ್ತು ಚೈನೀಸ್ ಮಾಡುವವರದು, ಇನ್ನೊಂದು ನಮ್ಮ ಹಾಗೇ ಇಡ್ಲಿ ದೋಸೆಯವರದು. ಅಲ್ಲೂ ರುಚಿಯ ಪಯಣ. ಅಲ್ಲೂ ಅಜ್ಜಿ, ಅಲ್ಲೂ ಗುಟ್ಟು. ಇಡ್ಲಿ ದೋಸೆಯವರ ಮೊದಲ ಪುಟದಲ್ಲಿದ್ದ ದೋಸೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎರಡೂ ಪುಟ ಅಕ್ಕಪಕ್ಕ ಇಟ್ಟೆ. ಒಂದೇ ದೋಸೆ. ಬಲಗಡೆಯ ಅಂಚಿನಲ್ಲಿ ಕೊಂಚ ಹೆಚ್ಚು ಕೆಂಪಾದ ಕಲೆ ಕೂಡ ಅಲ್ಲೇ ಇತ್ತು. ಹೆಬ್ಬೆರಳಿನಿಂದ ಹೆಸರು ಮುಚ್ಚಿದರೆ ಯಾವುದು ನಮ್ಮದೆಂದು ನನಗೇ ಗೊತ್ತಾಗುತ್ತಿರಲಿಲ್ಲ.

ಇವರಿಗೆ ಫೋನು ಮಾಡಿ ಅಜ್ಜಿಯ ಸಾಲು ಓದಿದೆ.

"ಯಾವ ಅಜ್ಜಿ?" ಎಂದರು ಇವರು. "ನನ್ನಜ್ಜಿ ಹೋಟೆಲಿಗೆ ಕಾಲಿಟ್ಟದ್ದೇ ಇಲ್ಲ ಮಾರಾಯ್ತಿ. ಹೋಟೆಲಿನ ಸಾರು ಅಂದ್ರೆ ಮೂಗು ಮುಚ್ಚುತ್ತಿದ್ರು."

"ಬೆಳ್ಳುಳ್ಳಿಯದ್ದೂ ಉಂಟು" ಎಂದು ಅದನ್ನೂ ಓದಿದೆ.

"ಈಗ ಎಂಥ ಮಾಡುದು?" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹೆಚ್ಚು ಸಲ ಕೇಳಿಲ್ಲ.

ಏಜೆನ್ಸಿಯ ಯುವಕನಿಗೆ ಫೋನು ಹಚ್ಚಿದೆ. ಒಳ್ಳೆಯ ಹುಡುಗ, ಸಿಟ್ಟಾಗುವ ಪೈಕಿ ಅಲ್ಲ. ಹಿಂದಿಯಲ್ಲಿ ಬಹಳ ಸಮಾಧಾನದಿಂದ ಮಾತಾಡಿದ.

"ಟೆನ್ಶನ್ ಮತ್ ಲೀಜಿಯೇ ಮ್ಯಾಡಮ್, ಯೇ ಕಂಟೆಂಟ್ ಟೆಸ್ಟೆಡ್ ಹೈ. ನಮ್ಮ ಎಲ್ಲ ರೆಸ್ಟೋರೆಂಟ್ ಕ್ಲೈಂಟಿಗೂ ಇದೇ ಹಾಕೋದು."

"ಅದೇ ತೊಂದರೆಯಪ್ಪ" ಎಂದೆ. "ನಾವು ಬೆಳ್ಳುಳ್ಳಿ ಹುರಿಯೋದೇ ಇಲ್ಲ."

"ಓಹ್. ತೋ ಟಿಕೆಟ್ ರೈಸ್ ಕೀಜಿಯೇ, ಕಂಪ್ಲೇಂಟ್ ಹಾಕಿ. ಮೂರು ದಿನದಲ್ಲಿ ತೆಗೀತೀವಿ."

"ಇವತ್ತು ಸಂಜೆಯೊಳಗೆ ಆಗಬೇಕು."

"ಇಂಪಾಸಿಬಲ್ ಮ್ಯಾಡಮ್."

ನಾನೇ ತಿದ್ದುತ್ತೇನೆ, ಒಳಗೆ ಹೋಗುವ ದಾರಿ ಕೊಡಿ ಎಂದೆ. ಮುಟ್ಟಿದರೆ ನೆಟ್‌ನಲ್ಲಿ ಹುಡುಕುವಾಗ ನಿಮ್ಮ ಹೆಸರು ಕೆಳಗೆ ಹೋಗುತ್ತದೆ ಎಂದು ಹೆದರಿಸಿದ. ಹೋಗಲಿ ಎಂದೆ. ಸಂಜೆ ಯಾರೂ ನಮ್ಮನ್ನು ಹುಡುಕುವುದಿಲ್ಲ, ಅವರ ಕೈಯಲ್ಲಿ ಲಿಂಕೇ ಇರುತ್ತದೆ. ನನ್ನ ದನಿ ಎತ್ತರಿಸದ ಅಭ್ಯಾಸ ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ಫೋನು ಇಡದೆ ಸುಮ್ಮನೆ ಕಾಯುತ್ತಾ ಇದ್ದೆ. ಅವನೇ ನಿಟ್ಟುಸಿರು ಬಿಟ್ಟು ಲಾಗಿನ್ ಕಳಿಸಿದ.

ಆದರೆ ಪಾಸ್‌ವರ್ಡು ಹಾಕಿದ ಕೂಡಲೇ ಅದು ಓಟಿಪಿ ಕೇಳಿತು. ಓಟಿಪಿ ಹೋಗುವುದು ಭಾವನ ಮೊಬೈಲಿಗೆ. ಭಾವ ಆಗ ವಾಶಿಯ ತರಕಾರಿ ಮಾರ್ಕೆಟ್ಟಿನ ನಟ್ಟ ನಡುವೆ ಇದ್ದರು.

"ಭಾವ, ಒಂದು ನಂಬರು ಬಂದಿರ್ತದೆ. ಓದಿ ಹೇಳಿ."

"ತಾಳು, ಕನ್ನಡಕ... ಹಾಂ. ಎಂಟು, ಎರಡು... ಏಯ್, ಆ ಗೋಣಿ ಅಲ್ಲಾ, ಉಧರ್ ವಾಲಾ... ನಲ್ವತ್ತು!"

"ನಲ್ವತ್ತು ಓಟಿಪಿಯಾ, ಕ್ಯಾಬೇಜಾ ಭಾವ?"

"ಕ್ಯಾಬೇಜು! ನೀನು ಬರೀಬೇಡ ಅದನ್ನ!"

ಮೊದಲನೆಯದರ ಅವಧಿ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದಕ್ಕೆ ಭಾವ ಟೆಂಪೋದೊಳಗೆ ಕೂತು ಗಾಜು ಏರಿಸಿ ಓದಿದ ಮೇಲೆ ಬಾಗಿಲು ತೆರೆಯಿತು.

ಈಗ ಬರೆಯಬೇಕು. ಬರೆಯುವುದು ನನಗೆ ಕಷ್ಟ ಅನ್ನಿಸಲಿಲ್ಲ. ಕಾನ್ವೆಂಟಿನಲ್ಲಿ ಪ್ರಬಂಧಕ್ಕೆ ಯಾವಾಗಲೂ ನನಗೇ ಹೆಚ್ಚು ಅಂಕ. ಒಂದು ನಾಮಪದಕ್ಕೆ ಎರಡೆರಡು ವಿಶೇಷಣ ಜೋಡಿಸಿದರೆ ಸಿಸ್ಟರ್ ಮಾರ್ಜಿನಿನಲ್ಲಿ ಪುಟ್ಟ ನಕ್ಷತ್ರ ಬಿಡಿಸುತ್ತಿದ್ದರು. ಆ ಕೈ ಹಾಗೇ ಉಳಿದಿತ್ತು. ಕಡಲ ಗಾಳಿ ಬಂತು, ದೇವಸ್ಥಾನದ ಗಂಟೆ ಬಂತು, ಹಸಿರು ಬಾಳೆಎಲೆ ಬಂತು, ತಲೆಮಾರುಗಳಿಂದ ಹರಿದುಬಂದ ಪರಂಪರೆ ಬಂತು. ಬೆಳ್ಳುಳ್ಳಿಯ ಸುದ್ದಿ ಇಲ್ಲ. ಓದಿಕೊಂಡೆ, ಚೆನ್ನಾಗಿದೆ ಅನ್ನಿಸಿತು. ಸಾಂಬಾರಿಗೆ ಬೇಳೆ ಇಟ್ಟು ಬಂದು ಇನ್ನೊಮ್ಮೆ ಓದಿದೆ, ಆಗಲೂ ಚೆನ್ನಾಗಿಯೇ ಇತ್ತು. ಉಳಿದಿಬ್ಬರ ಪುಟಗಳ ಜೊತೆಗೆ ಮಗಳಿಗೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಅವಳ ಧ್ವನಿ ಸಂದೇಶ ಬಂತು. ಹಿಂದುಗಡೆ ಕಾಲೇಜಿನ ಕ್ಯಾಂಟೀನಿನ ಗಲಾಟೆ.

"ಅಮ್ಮ, ನೈಸ್ ಹೈ. ಬಟ್ ನಾನು ಒಂದು ಮಸ್ತಿ ಮಾಡಿದೆ. ನಮ್ಮ ಹೆಸರು ತೆಗೆದು ಆ ಸೆಕೆಂಡ್ ವಾಲಾ ಹೋಟೆಲ್ ಹೆಸರು ಹಾಕಿದೆ, ಫ್ರೆಂಡ್‌ಗೆ ಓದಿದೆ. ಅವಳಿಗೆ ಏನೂ ರಾಂಗ್ ಅನ್ಸಿಲ್ಲ. ಫುಲ್ ಫಿಟ್ ಆಗ್ತದೆ ಅಮ್ಮ, ಐಸಾ ಕೈಸಾ?"

ನಾನೂ ಮಾಡಿ ನೋಡಿದೆ. ಹೆಸರು ಬದಲಿಸಿ ಗಟ್ಟಿಯಾಗಿ ಓದಿದೆ. ಕಡಲ ಗಾಳಿ ಅವರಿಗೂ ಬೀಸಿತು, ಗಂಟೆ ಅವರಿಗೂ ಮೊಳಗಿತು. ಏಜೆನ್ಸಿಯ ಹುಡುಗ ಎಲ್ಲರಿಗೂ ಒಂದೇ ಹಾಕಿಕೊಟ್ಟದ್ದನ್ನು ನಾನು ಕೂತು ಕೈಯಾರೆ ಬರೆದಿದ್ದೆ, ಅಷ್ಟೇ. ನಗು ಬಂತು. ಗಡಿಯಾರ ಮಧ್ಯಾಹ್ನ ದಾಟಿತ್ತು.

ಪೂರ್ತಿ ಅಳಿಸಿದೆ. ಮಗಳ ಮಸ್ತಿಯನ್ನೇ ಅಳತೆಗೋಲು ಮಾಡಿಕೊಳ್ಳುವುದೆಂದು ತೀರ್ಮಾನಿಸಿದೆ. ಒಂದು ಸಾಲು ಬರೆಯುವುದು, ಅದಕ್ಕೆ ಇನ್ನೊಂದು ಹೋಟೆಲಿನ ಹೆಸರು ಹಾಕುವುದು. ಆಗಲೂ ನಿಜವಾಗಿ ಉಳಿದರೆ ಆ ಸಾಲು ಬೇಡ. ಹೀಗೆ ಹೊರಟರೆ ಮೇಜಿನ ಮುಂದೆ ಕೂತು ಏನೂ ಹುಟ್ಟಲಿಲ್ಲ. 'ಶುಚಿ' ಹೋಯಿತು, 'ರುಚಿ' ಹೋಯಿತು, 'ತಾಜಾ' ಹೋಯಿತು. ಖಾಲಿ ಪುಟದಲ್ಲಿ ಗೆರೆಯೊಂದು ಮಿನುಗುತ್ತಾ ನನ್ನನ್ನೇ ನೋಡುತ್ತಿತ್ತು. ಲ್ಯಾಪ್‌ಟಾಪು ಮುಚ್ಚಿ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೋಟೆಲಿಗೆ ನಡೆದೆ.

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗದ ಹೊತ್ತು. ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ ನೆಲ ಒರೆಸುತ್ತಿದ್ದರು. ಕೈ ತೊಳೆಯುವ ಜಾಗದ ಹತ್ತಿರದ ಮೇಜಿನಲ್ಲಿ ಕೂತೆ. ವರ್ಷಗಟ್ಟಲೆ ಬಂದು ಹೋದ ಜಾಗ. ಆದರೂ ಏನೋ ಹೇಳಿ ಕಳಿಸಿದ್ದಾರೆ, ಬೇಗ ಹಿಂದಿರುಗಬೇಕು ಎಂಬ ಅವಸರದಲ್ಲೇ ಬಂದವಳು. ಗಮನವಿಟ್ಟು ನೋಡಿದ್ದು ಅದೇ ಮೊದಲು.

ಗಲ್ಲಾದ ಪಕ್ಕದಲ್ಲಿ ಒಂದು ಕಪ್ಪು ಹಲಗೆ ನೇತಾಡುತ್ತಿತ್ತು. ಅದರಲ್ಲಿ ತಿಂಡಿಯ ಹೆಸರು ಬರೆದಿರಲಿಲ್ಲ. ಆ ದಿನದ ಸೂರ್ಯಾಸ್ತದ ವೇಳೆ ಬರೆದಿತ್ತು. ಇವರು ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿದ ಮೇಲೆ ಮಾಡುವ ಕೆಲಸ ಅದು. ತಿನ್ನಲು ಒಳಗೆ ಬಾರದವರೂ ರಸ್ತೆಯಿಂದಲೇ ಕತ್ತು ಚಾಚಿ ಅದನ್ನು ನೋಡಿ ಹೋಗುತ್ತಾರೆ. ಹಲಗೆಯ ಕೆಳಗೆ ಕೆಂಪು ಮುಚ್ಚಳದ ಜಗ್ಗುಗಳು ಸಾಲಾಗಿದ್ದವು. ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಣಿಸಿದ ನೀರು. ಕುದಿಸಿದ ನೀರನ್ನಷ್ಟೇ ಕುಡಿಯುವವರಿಗೆ. ನೀಲಿ ಮುಚ್ಚಳದವು ಉಳಿದವರಿಗೆ. ಅಡುಗೆಮನೆಯ ಕಿಟಕಿಯ ಪಕ್ಕ ದೋಸೆ ಹೊಯ್ಯುವ ಸಣ್ಣ ಕಾವಲಿ, ಒಳಗಡೆ ದೊಡ್ಡ ಕಾವಲಿ. ಮಾವ ಹೋಟೆಲು ಹಾಕಿದ ಕಾಲದಲ್ಲಿ ಎದುರಿನ ದವಸದ ಅಂಗಡಿಯ ಜೈನರು ಬಾಗಿಲವರೆಗೆ ಬಂದು, ಈರುಳ್ಳಿಯ ವಾಸನೆಗೆ ಹಿಂದಿರುಗುತ್ತಿದ್ದರಂತೆ. ಅವರಿಗಾಗಿ ಆ ಸಣ್ಣ ಕಾವಲಿ ಬಂತು. ಅದರ ಮೇಲೆ ಈರುಳ್ಳಿಯಾಗಲಿ ಆಲೂಗಡ್ಡೆಯಾಗಲಿ ಬಿದ್ದದ್ದಿಲ್ಲ. ಅದರ ಮಸಾಲೆ ದೋಸೆಗೆ ಬಾಳೆಕಾಯಿಯ ಪಲ್ಯ. ಅದನ್ನು ಉಜ್ಜುವ ಬಟ್ಟೆಯೂ ಬೇರೆ, ಸಟ್ಟುಗವೂ ಬೇರೆ.

ಬರೆಯತೊಡಗಿದೆ. ಸಾಲುಗಳು ಒಣ ಒಣವಾಗಿ ಬಂದವು. ಪ್ರತಿಯೊಂದಕ್ಕೂ ಆ ಇನ್ನೊಂದು ಹೋಟೆಲಿನ ಹೆಸರು ಹಾಕಿ ನೋಡಿದೆ. ಹೊಂದಲಿಲ್ಲ. ಹೊಂದದಿದ್ದಾಗೆಲ್ಲ ಒಳಗೊಳಗೇ ಖುಷಿ.

ಅಷ್ಟರಲ್ಲಿ ಭಾವ ತರಕಾರಿ ಇಳಿಸಿ, ಬೆವರು ಒರೆಸಿಕೊಳ್ಳುತ್ತಾ ಬಂದು ಎದುರಿಗೆ ಕೂತರು. ಬರೆದದ್ದನ್ನು ಕನ್ನಡದಲ್ಲಿ ಹೇಳಿದೆ.

"ಇದೆಲ್ಲ ವೆಬ್‌ಸೈಟಿಗೆ ಹಾಕುವ ವಿಷಯವಾ?" ಎಂದರು. "ಇದು ನಾವು ದಿನಾ ಮಾಡುದು. ದೊಡ್ಡ ಮಾತು ಒಂದಾದ್ರೂ ಬೇಡ್ವಾ?"

"ದೊಡ್ಡ ಮಾತು ಮೂರೂ ಜನರ ಹತ್ತಿರ ಉಂಟು ಭಾವ."

"ಹಾಗಾದ್ರೆ ಹೀಗೆ ಮಾಡು. 'ಪ್ಯೂರ್ ಜೈನ್' ಅಂತ ದಪ್ಪ ಅಕ್ಷರದಲ್ಲಿ ಹಾಕಿಬಿಡು. ಎರಡೇ ಶಬ್ದ. ಕೆಲಸ ಮುಗೀತು."

ನಾನು ಅಡುಗೆಮನೆಯ ಕಡೆ ನೋಡಿದೆ. ದೊಡ್ಡ ಕಾವಲಿಯ ಹಿಂದೆ ಈರುಳ್ಳಿಯ ಚೀಲ ಗೋಡೆಗೊರಗಿ ನಿಂತಿತ್ತು. ಅದರ ಕೆಂಪು ಜಾಳಿಗೆಯೊಳಗಿನಿಂದ ಒಂದೆರಡು ಈರುಳ್ಳಿ ಮೊಳಕೆ ಚಾಚಿದ್ದವು.

"ಅದನ್ನ ಯಾರು ನೋಡ್ತಾರೆ?" ಎಂದರು ಭಾವ.

"ನಾನು ಕೂತಲ್ಲಿಂದ ಕಾಣ್ತದಲ್ಲ."

ಗಲ್ಲಾದಿಂದ ಇವರು ನಕ್ಕರು. ಭಾವ ನಗಲಿಲ್ಲ. "ನೋಡಮ್ಮ, ನಿನಗೆ ಅರ್ಥ ಆಗುದಿಲ್ಲ. ಎಸಿ ಇಲ್ಲ, ಚೈನೀಸ್ ಇಲ್ಲ, ಇಡ್ಲಿ ಮಧ್ಯಾಹ್ನಕ್ಕೆ ಮುಗೀತದೆ, ಪೂರ್ತಿ ಜೈನ್ ಅಲ್ಲ. ನೀನು ಬರೆದದ್ದರಲ್ಲಿ ಅರ್ಧ 'ಇಲ್ಲ'ವೇ ಉಂಟು. ಬಾಕಿ ಇಬ್ಬರು ಎಲ್ಲ ಉಂಟು ಅಂತ ಕೂಗ್ತಾ ಇದ್ದಾರೆ. ಜಾಗ ತಪ್ಪಿದ್ರೆ ಈ ಜನಕ್ಕೆ ಯಾರು ಹೇಳುದು, ಬೇರೆ ಕೆಲಸ ನೋಡ್ಕೊಳ್ಳಿ ಅಂತ?"

ನೆಲ ಒರೆಸುತ್ತಿದ್ದವನು ಅಲ್ಲಿಗೇ ಕೈ ನಿಲ್ಲಿಸಿದ. ಭಾವನಿಗೂ ತನ್ನ ಮಾತು ಜೋರಾಯಿತು ಅನ್ನಿಸಿರಬೇಕು, ಮೇಜಿನ ಮೇಲಿನ ನೀರಿನ ಗುರುತನ್ನು ಬೆರಳಿನಿಂದ ಒರೆಸತೊಡಗಿದರು.

ಅವರು ಹೇಳಿದ್ದು ಸುಳ್ಳಲ್ಲ. ಎರಡು ಶಬ್ದ ಹಾಕಿದರೆ ಜಾಗ ಸಿಕ್ಕೇ ಸಿಗಬಹುದು. ಆದರೆ ಸಿಕ್ಕಿದ ಮೇಲೆ? ಅದೇ ಜನರ ಕಟ್ಟಡದ ಕೆಳಗೆ, ಅವರ ಮೂಗಿನಡಿಯಲ್ಲೇ, ಈರುಳ್ಳಿ ಉತ್ತಪ್ಪ ಮಾಡುವುದು ಹೇಗೆ? ಅದೂ ಅಲ್ಲದೆ 'ಪ್ಯೂರ್ ಜೈನ್' ಎನ್ನುವುದು ಊರಿನ ಅರ್ಧ ಫಲಕಗಳ ಮೇಲೆ ಇರುವ ಮಾತು. ನನ್ನ ಅಳತೆಗೋಲಿಗೆ ಅದೂ ನಿಲ್ಲುತ್ತಿರಲಿಲ್ಲ. ಸಣ್ಣ ಕಾವಲಿ ಮಾತ್ರ ನಮ್ಮದು, ಅದರ ಪಕ್ಕದಲ್ಲಿ ದೊಡ್ಡ ಕಾವಲಿ ಇರುವುದರಿಂದಲೇ.

"ಭಾವ, ಜಾಗ ತಪ್ಪಿದ್ರೆ ಎಲ್ಲರಿಗೂ ನಾನೇ ಹೇಳ್ತೇನೆ" ಎಂದೆ.

ಅವರು ನನ್ನ ಮುಖ ನೋಡಿದರು. ಎದ್ದು ಒಳಗೆ ಹೋದರು. ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಕಾಫಿ ಬಂತು, ಸಕ್ಕರೆ ಬೇರೆ ಇಟ್ಟು.

ಇಂಗ್ಲಿಷಿನಲ್ಲಿ ಕೊನೆಗೆ ಉಳಿದದ್ದು ಹೆಚ್ಚುಕಡಿಮೆ ಹೀಗಿತ್ತು: 'ನಮ್ಮಲ್ಲಿ ಎರಡು ಕಾವಲಿಗಳಿವೆ. ಕಿಟಕಿಯ ಪಕ್ಕದ ಸಣ್ಣದರ ಮೇಲೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬಿದ್ದಿಲ್ಲ. ಅದರ ಮಸಾಲೆ ದೋಸೆಯೊಳಗೆ ಬಾಳೆಕಾಯಿ. ದೊಡ್ಡದರ ಮೇಲೆ ಈರುಳ್ಳಿ ಉತ್ತಪ್ಪ ಮಾಡುತ್ತೇವೆ. ನಮ್ಮದು ಪೂರ್ತಿ ಜೈನ್ ಹೋಟೆಲ್ ಅಲ್ಲ. ಯಾವ ಕಾವಲಿಯದು ಬೇಕೆಂದು ಕೂತ ಕೂಡಲೇ ಹೇಳಿ. ಕೆಂಪು ಮುಚ್ಚಳದ ಜಗ್ಗಿನಲ್ಲಿ ಕುದಿಸಿದ ನೀರಿದೆ. ಸೂರ್ಯಾಸ್ತದ ವೇಳೆ ಗಲ್ಲಾದ ಹಲಗೆಯ ಮೇಲೆ ಬರೆದಿರುತ್ತದೆ. ಅದಕ್ಕೆ ಮುಂಚಿನ ಅರ್ಧ ಗಂಟೆ, ಕತ್ತಲಾಗುವ ಮೊದಲು ಊಟ ಮುಗಿಸಬೇಕಾದವರ ಆರ್ಡರ್ ಮೊದಲು ಹೋಗುತ್ತದೆ. ಉಳಿದವರು ದಯವಿಟ್ಟು ಕಾಯಿರಿ, ಕಾಫಿ ಕೊಡುತ್ತೇವೆ. ಇಡ್ಲಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಪತ್ರೊಡೆ ಮಳೆಗಾಲದಲ್ಲಿ, ಕೆಸುವಿನ ಎಲೆ ಸಿಕ್ಕಿದ ದಿನ ಮಾತ್ರ. ಎಸಿ ಇಲ್ಲ.'

ಇವರಿಗೆ ಕೊನೆಯ ಸಾಲು ಬಹಳ ಹಿಡಿಸಿತು. "ಎಸಿ ಇಲ್ಲ ಅನ್ನುದು ಇಂಗ್ಲಿಷಿನಲ್ಲಿ ಎಷ್ಟು ಚಂದ ಕೇಳ್ತದೆ ಮಾರಾಯ್ತಿ" ಎಂದರು.

ಪುಟಕ್ಕೆ ಹಾಕಲು ಹೋದರೆ ಹೊಸ ತೊಡಕು. ಕೆಳಗಿನ ಕಥೆ ಸುಲಭವಾಗಿ ಬದಲಾಯಿತು. ಮೇಲಿನ 'ರುಚಿಯ ಪಯಣ' ಮಾತ್ರ ಜಪ್ಪಯ್ಯ ಅಂದರೂ ಅಳಿಯಲಿಲ್ಲ. ಅದು ಅಕ್ಷರವಾಗಿರಲಿಲ್ಲ, ದೋಸೆಯ ಚಿತ್ರದೊಳಗೇ ಸೇರಿಹೋಗಿತ್ತು. ಚಿತ್ರವನ್ನೇ ತೆಗೆಯಬೇಕು. ತೆಗೆದರೆ ಅಲ್ಲಿ ಇನ್ನೊಂದು ಬೇಕು. ಮೊಬೈಲು ಹಿಡಿದು ಅಡುಗೆಮನೆಗೆ ಹೋದೆ. ಕಿಟಕಿಯಿಂದ ಇಳಿಬಿಸಿಲು ಸಣ್ಣ ಕಾವಲಿಯ ಮೇಲೆ ಬಿದ್ದಿತ್ತು. ದೋಸೆ ಹೊಯ್ಯುವವರು, "ನನ್ನ ಮುಖ ಬೇಡಮ್ಮ, ಶೇವ್ ಆಗಿಲ್ಲ" ಎಂದು ತಲೆ ಹಿಂದೆ ಎಳೆದುಕೊಂಡು ಹಿಟ್ಟು ಹರಡಿದರು. ಅವರ ಕೈ, ಕಾವಲಿ, ಕಿಟಕಿಯ ಸರಳಿನ ನೆರಳು, ಇಷ್ಟೇ ಬಂತು. ಅಂಚು ಸ್ವಲ್ಪ ವಕ್ರ. ಇರಲಿ ಎಂದು ಅದನ್ನೇ ಹಾಕಿದೆ. ಚಿತ್ರ ಬಹಳ ದೊಡ್ಡದೆಂದು ಪುಟ ತೆರೆಯಲು ಒದ್ದಾಡಿತು. ಕುಗ್ಗಿಸಿ ಮತ್ತೆ ಹಾಕಿ, ಪಬ್ಲಿಷ್ ಒತ್ತಿದೆ.

ಇವರ ಮೊಬೈಲಿನಲ್ಲಿ ಹೊಸದು ಕಾಣಿಸಿತು. ಭಾವನದರಲ್ಲಿ ಬೆಳ್ಳುಳ್ಳಿ ಹಾಗೇ ಇತ್ತು.

"ಹೋಗಲಿಲ್ಲವಲ್ಲ ಇದು!" ಎಂದು ಭಾವ ಪರದೆಯನ್ನು ಬೆರಳಿನಿಂದ ಉಜ್ಜಿದರು.

ಮಗಳಿಗೆ ಫೋನು ಮಾಡಿದೆ. ಆಗ ಅವಳು ವಾಪಸು ಬರುವ ಲೋಕಲಿನಲ್ಲಿ ನಿಂತಿದ್ದಳು. "ಅರೇ ಅಮ್ಮ, ದೊಡ್ಡಪ್ಪ ಮೊದ್ಲು ಓಪನ್ ಮಾಡಿದ್ರಲ್ಲ, ಫೋನ್ ಓಲ್ಡ್ ವಾಲಾ ಇಟ್ಕೊಂಡಿದೆ. ರಿಫ್ರೆಶ್ ಮಾಡ್ಲಿಕ್ಕೆ ಬೋಲೋ."

ಭಾವನ ಮೊಬೈಲು ಸರಿಹೋಯಿತು. ಸೆಕ್ರೆಟರಿಯ ಲ್ಯಾಪ್‌ಟಾಪು? ಅವರು ಬೆಳಿಗ್ಗೆಯೇ ಮೂರನ್ನೂ ತೆರೆದು ಇಟ್ಟುಕೊಂಡಿದ್ದರೆ? ಇವರ ಮೊಬೈಲಿನಿಂದ ನಾನೇ ಒಂದು ಸಂದೇಶ ಕಳಿಸಿದೆ. ನಮಸ್ಕಾರ, ನಮ್ಮ ಪುಟವನ್ನು ಇವತ್ತು ಸರಿಪಡಿಸಿದ್ದೇವೆ, ತೋರಿಸುವ ಮೊದಲು ದಯವಿಟ್ಟು ಒಮ್ಮೆ ರಿಫ್ರೆಶ್ ಮಾಡುವಿರಾ ಎಂದು. ಎರಡು ಗೆರೆ ಬಿತ್ತು. ನೀಲಿಯಾಗಲಿಲ್ಲ, ಅಂದರೆ ಅವರಿನ್ನೂ ಓದಿಲ್ಲ.

ಮನೆಗೆ ಬಂದೆ. ಮಷೀನಿನೊಳಗೇ ಉಳಿದಿದ್ದ ಬಟ್ಟೆ ಮುದ್ದೆಯಾಗಿತ್ತು, ಇನ್ನೊಮ್ಮೆ ನೀರು ಹಾಕಿ ಹಿಂಡಿದೆ. ಹೊರಗೆ ಕತ್ತಲಾಯಿತು. ಅವರ ಮೀಟಿಂಗು ಶುರುವಾಗುವುದೇ ಎಲ್ಲರ ಊಟ ಮುಗಿದು ಕತ್ತಲಾದ ಮೇಲೆ. ಈಗ ಗೋಡೆಯ ಮೇಲೆ ಯಾವುದು ಬಂದಿರಬಹುದು, ಯಾರದ್ದು ಮೊದಲು, ನಮ್ಮ ಪುಟದ 'ಇಲ್ಲ'ಗಳನ್ನು ಯಾರು ಗಟ್ಟಿಯಾಗಿ ಓದುತ್ತಿರಬಹುದು ಎಂದು ಯೋಚಿಸುತ್ತಾ ಬಟ್ಟೆಗೆ ಕ್ಲಿಪ್ಪು ಹಾಕಿದೆ. ಒಂದೇ ಅಂಗಿಗೆ ನಾಲ್ಕು ಕ್ಲಿಪ್ಪು ಹಾಕಿದ್ದೆನೆಂದು ಆಮೇಲೆ ನೋಡಿದೆ. ಮಗಳು ಬಂದು ಚೀಲ ಎಸೆದು, "ಏನಾಯ್ತು?" ಎಂದಳು. ಗೊತ್ತಿಲ್ಲ ಎಂದೆ. ಇವರಿಗೆ ಎರಡು ಸಲ ಫೋನು ಮಾಡಿದೆ. ಎರಡು ಸಲವೂ, "ಇಲ್ಲ, ಇನ್ನೂ ಇಲ್ಲ" ಎಂದರು.

ಬಾಗಿಲ ಬೆಲ್ ಆಯಿತು. ಪಕ್ಕದ ಮನೆಯ ವೈನಿ. ಬೆಳಗಾವಿಯವರು, ಮಾತು ಜೋರು, ಮನಸ್ಸು ಮೆತ್ತಗೆ. ಕೈಯಲ್ಲಿ ಸೌಟು ಹಿಡಿದೇ ಬಂದಿದ್ದರು.

"ಒಂದ್ ಕಡ್ಡಿ ಕರಿಬೇವು ಕೊಡ್ರಿ ಲಗೂನ. ಒಗ್ಗರಣಿಗೆ ಎಣ್ಣಿ ಇಟ್ಟ ಬಂದೇನಿ."

ಫ್ರಿಜ್ಜಿನಿಂದ ತಂದು ಕೊಟ್ಟೆ. ಅವರು ಅದನ್ನು ಮೂಸಿ ನೋಡಿ, ಸೆರಗಿಗೆ ಒರೆಸಿಕೊಂಡು, ತಮ್ಮ ಬಾಗಿಲವರೆಗೆ ಹೋಗಿ ತಿರುಗಿದರು.

"ಹಾಂ, ಮರತೆ ನೋಡ್ರಿ. ಆ ಆಚಿ ಗಲ್ಲಿ ಸೊಸೈಟಿಯೊಳಗ ನಮ್ಮ ನಾದಿನಿ ಇರ್ತಾಳಲ್ಲ, ಮೊದಲನೇ ಮಜಲಿನ್ಯಾಗ. ಈಗ ಮೀಟಿಂಗ್ ಮುಗಿಸಿ ಫೋನ್ ಮಾಡಿದ್ಲು. ಕೆಳಗ ಆ ಎರಡ ತವಾದ ನಿಮ್ಮ ಹೋಟ್ಲ ಬರ್ತದಂತಲ್ಲ, ಬರ್ಲಿ, ಚಲೋ ಆತು. ಆದ್ರ ನಿಮ್ಮ ಮಂದಿಗೆ ಹೇಳ್ರಿ, ಆ ಹೊಗಿ ಪೈಪ್ ಹಿಂದಿನ ಗಲ್ಲಿ ಕಡೆ ಬಿಡಸ್ರಿ ಅಂತ. ಆಕಿ ಬಾಲ್ಕನಿ ಕಡೆ ಬಂತಂದ್ರ ದಿನಾ ನನ್ನ ತಲಿ ತಿಂತಾಳ."